ಹಸಿಮಣ್ಣು, ಸುಟ್ಟಮಣ್ಣು



ಅಮೆರಿಕದ ರೇ ಮೀಕರ್ ಎಂಬ ಕಲಾವಿದರು 1971ರಲ್ಲಿ ಪುದುಚೇರಿಗೆ ಬಂದು, ಡೆಬೊರಾ ಸ್ಮಿತ್ ಅವರೊಡನೆ ಗೋಲ್ಡನ್ ಬ್ರಿಡ್ಜ್ ಪಾಟರಿ ಎಂಬ ಕುಂಬಾರಿಕೆ ಕೇಂದ್ರ ಕಟ್ಟಿದರು. 1980ರ ದಶಕದಲ್ಲಿ, ಇರಾನ್ ಮೂಲದ ವಾಸ್ತುಶಿಲ್ಪಿ ನಾದೆರ್ ಖಲೀಲಿಯವರ ದಾರಿ ಹಿಡಿದು ಅವರು ಒಂದು ಸಾಹಸಕ್ಕೆ ಇಳಿದರು. ಹಸಿ ಇಟ್ಟಿಗೆಯಿಂದ ಕಮಾನು ಚಾವಣಿಯ ಮನೆ ಕಟ್ಟುವುದು, ಒಳಗೆಲ್ಲ ಇಟ್ಟಿಗೆ ಹೆಂಚು ತುಂಬುವುದು, ಆಮೇಲೆ ಇಡೀ ಮನೆಗೇ ಬೆಂಕಿ ಕೊಡುವುದು! ಮನೆಯೇ ಆವಿಗೆ. ಬೆಂದ ಗೋಡೆ ಮಳೆಗೆ ಕರಗದು; ಒಳಗೆ ಬೆಂದ ಸರಕು ಮಾರಿದರೆ ಸೌದೆಯ ಖರ್ಚು ಹುಟ್ಟುತ್ತದೆ. ಸಿಮೆಂಟು, ಕಬ್ಬಿಣ ಕೊಳ್ಳಲಾಗದವರಿಗೂ ಗಟ್ಟಿ ಸೂರು ಸಿಗಲಿ ಎಂಬುದು ಆಸೆ. ಮುಂದೆ ಅವರು ಶಿಲ್ಪಕ್ಕೆ ಮರಳಿ, ಆಳೆತ್ತರ ಮೀರಿದ ಮಣ್ಣಿನ ಕೃತಿಗಳಲ್ಲಿ ಪರಿಸರದ ಚಿಂತೆಯನ್ನೇ ತಂದರು.

ಬಡವರ ಮನೆಗಾಗಿ ಸೌದೆ ಸುಡಬಹುದೇ? ಸುಡಬಹುದು ಎಂದೇ ನನಗೆ ಮೊದಲು ಅನ್ನಿಸಿತು. ಸಿಮೆಂಟಿಗೂ ಬೆಂಕಿ ಬೇಕು. ಸಾಲದ್ದಕ್ಕೆ ಸುಣ್ಣಕಲ್ಲು ಸುಟ್ಟಾಗ ಕಲ್ಲಿನೊಳಗಿಂದಲೇ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಏನು ಕಟ್ಟಿದರೂ ಎಲ್ಲೋ ಏನೋ ಉರಿಯುತ್ತದೆ. ಆದರೆ 'ಎಲ್ಲರೂ ಸುಡುತ್ತಾರಲ್ಲ' ಎಂಬುದು ಪಾಪನಿವೇದನೆಯಲ್ಲಿ ಹೇಳುವ ಮಾತಲ್ಲ.

ಬಿ.ಎಸ್ಸಿ.ಯಲ್ಲಿ ಓದಿದ್ದು ನೆನಪಾಗುತ್ತದೆ: ಶಾಖ ಸುಮಾರು 600 ಡಿಗ್ರಿ ದಾಟುವಷ್ಟರಲ್ಲಿ ಜೇಡಿಮಣ್ಣಿನ ಕಣದೊಳಗೇ ಬೆಸೆದುಕೊಂಡ ನೀರು ಹೊರಟುಹೋಗುತ್ತದೆ. ಮತ್ತೆ ಎಷ್ಟು ನೀರು ಸುರಿದು ಕಲಸಿದರೂ ಅದು ಕೆಸರಾಗದು.

ಯೆರೆಮೀಯನ ಗ್ರಂಥದ 18ನೇ ಅಧ್ಯಾಯದ ಕುಂಬಾರ ನಮಗೆಲ್ಲ ಪ್ರಿಯ. ಕೆಟ್ಟ ಪಾತ್ರೆಯನ್ನು ಮುದ್ದೆ ಮಾಡಿ ಮತ್ತೆ ರೂಪಿಸುತ್ತಾನೆ, ಯಾಕೆಂದರೆ ಮಣ್ಣು ಇನ್ನೂ ಹಸಿ. ಮುಂದಿನ ಅಧ್ಯಾಯವನ್ನು ನಾವು ಅಷ್ಟಾಗಿ ಓದುವುದಿಲ್ಲ. ಅಲ್ಲಿ ಪ್ರವಾದಿ ಒಡೆಯುವುದು ಸುಟ್ಟ ಕೂಜೆ. ಅದನ್ನು ಸರಿಪಡಿಸಲು ಬರುವುದಿಲ್ಲ. ಪಶ್ಚಾತ್ತಾಪಪಟ್ಟರೆ ದೇವರು ನನ್ನನ್ನು ಹಸಿಮಣ್ಣಿನಂತೆ ತಿದ್ದುತ್ತಾರೆ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ನಾನು ಕಡಿದ ಮರ, ಬತ್ತಿಸಿದ ಕೊಳವೆಬಾವಿ? ನನ್ನ ಪಾಪಕ್ಕೆ ಕ್ಷಮೆ ಸಿಕ್ಕಿತೆಂದು ಅವು ಚಿಗುರುವುದಿಲ್ಲ, ಉಕ್ಕುವುದಿಲ್ಲ.

ನಮ್ಮ ದೇವಾಲಯದ ಅಂಗಳಕ್ಕೆ ಸಿಮೆಂಟು ಕಲ್ಲು ಹಾಸೋಣ ಎಂದಾಗ ಯುವಜನರ ಸಭೆಯಲ್ಲಿ ಮೊದಲು ಕೈ ಎತ್ತಿದವನು ನಾನೇ. ಮಳೆಗಾಲದಲ್ಲಿ ಅಜ್ಜಿಯರು ಕೆಸರಲ್ಲಿ ಜಾರುತ್ತಾರೆ. ತಮಿಳು ಪೂಜೆಗೆ ಬರುವವರದೂ ಇದೇ ಪಾಡು. ಆ ಕಾರಣ ಇವತ್ತಿಗೂ ನಿಜ. ಬೇವಿನ ಮರದ ಬುಡಕ್ಕೆ ನೀರು ಎಲ್ಲಿಂದ ಇಳಿಯಬೇಕು ಎಂದು ಮಾತ್ರ ಅಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕೆಲಸ ಇನ್ನೂ ಶುರುವಾಗಿಲ್ಲ. ಮುಂದಿನ ಸಭೆಯಲ್ಲಿ ಕೇಳುತ್ತೇನೆ. ಅಜ್ಜಿಯರಿಗೆ ಏನು ಹೇಳಲಿ ಎಂಬುದೇ ಇನ್ನೂ ಹೊಳೆದಿಲ್ಲ.