ದುರ್ಬೀನೋ, ಕೆಂಪು ಚುಕ್ಕೆಯೋ

ಕೋವಿಯ ವಿಷಯದಲ್ಲಿ ಹೆಂಗಸರ ಅಭಿಪ್ರಾಯ ಕೇಳುವ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ. ಅದನ್ನು ಒರೆಸುವಾಗ ಹಳೆ ಬಟ್ಟೆ ಹುಡುಕಿ ಕೊಡುವುದು, ಆಯುಧಪೂಜೆಯ ದಿನ ಕತ್ತಿ ಹಾರೆಗಳ ಜೊತೆಗೆ ಅದಕ್ಕೂ ಒಂದು ಕುಂಕುಮದ ಬೊಟ್ಟು ಇಡುವುದು, ಇಷ್ಟೇ ನಮ್ಮ ಪಾಲಿಗೆ ಬಂದ ಕೆಲಸ. ಹಾಗಿರುವಾಗ ಕಳೆದ ನವರಾತ್ರಿಗೆ ಹಿರಿಯಡ್ಕದ ತವರಿಗೆ ಹೋಗಿದ್ದ ನನ್ನ ಮುಂದೆ ಅಣ್ಣನ ಮಗ ಎರಡು ಪೆಟ್ಟಿಗೆಗಳನ್ನು ತಂದಿಟ್ಟು, "ಅತ್ತೆ, ಎರಡೂ ಗೆಳೆಯರಿಂದ ನೋಡಲಿಕ್ಕೆ ತಂದದ್ದು. ರೈಫಲಿಗೆ ಯಾವುದು ಒಳ್ಳೆಯದು, ನೀವು ಹೇಳಿ" ಎಂದಾಗ ನನಗೆ ಆಶ್ಚರ್ಯವೂ ಆಯಿತು, ಸ್ವಲ್ಪ ಹೆಮ್ಮೆಯೂ ಆಯಿತು. ಆಮೇಲೆ ಗೊತ್ತಾಯಿತು, ಅವನು ಅದಾಗಲೇ ಮನೆಯವರೆಲ್ಲರನ್ನೂ ಕೇಳಿ ಮುಗಿಸಿದ್ದ, ಉಳಿದವಳು ನಾನೊಬ್ಬಳೇ.

ಒಂದು ಪೆಟ್ಟಿಗೆಯಲ್ಲಿ ಇದ್ದದ್ದು ದುರ್ಬೀನು, ಅಂದರೆ ರೈಫಲಿನ ಮೇಲೆ ಕೂರಿಸುವ ಉದ್ದನೆಯ ಕೊಳವೆ. ಇನ್ನೊಂದರಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ, ಒಂದು ಗಾಜು ಹೊತ್ತ ಪುಟ್ಟ ಸಾಮಾನು. ಅದಕ್ಕೆ ರೆಡ್ ಡಾಟ್ ಎಂದು ಹೆಸರಂತೆ, ಕೆಂಪು ಚುಕ್ಕೆ.

ನಮ್ಮ ಮನೆಯ ಕೋವಿಯ ಕಥೆಯನ್ನು ಸ್ವಲ್ಪ ಹೇಳಬೇಕು. ಹಿರಿಯಡ್ಕವೆಂದರೆ ಹೊರಗಿನವರಿಗೆ ವೀರಭದ್ರ ದೇವರ ಊರು, ಮದ್ದಳೆಯ ಗೋಪಾಲ ರಾಯರ ಊರು. ಒಳಗಿನ ನಮಗೆ ಅದು ಬೈಲು, ಗುಡ್ಡೆ, ಹಾಡಿಗಳ ಊರು. ಘಟ್ಟದ ಮೇಲಿನ ಊರುಗಳಂತೆ ಇಲ್ಲಿ ಮನೆಗಳು ಒತ್ತೊತ್ತಾಗಿ ಸಾಲಿನಲ್ಲಿ ನಿಂತಿಲ್ಲ. ಅವರವರ ಗದ್ದೆ, ಅವರವರ ತೋಟದ ಬದಿಯಲ್ಲಿ ಒಂದೊಂದು ಮನೆ. ಗದ್ದೆಗೆ ಹಂದಿ ಬರುತ್ತದೆ, ತೋಟಕ್ಕೆ ಮಂಗ ಬರುತ್ತದೆ. ಅಪ್ಪಯ್ಯನ ಬಳಿ ಬೆಳೆ ರಕ್ಷಣೆಯ ಪರವಾನಗಿಯ ಒಂಟಿ ನಳಿಗೆಯ ತೋಟೆ ಕೋವಿ ಇತ್ತು. ಪ್ರತಿ ಚುನಾವಣೆಗೂ ಅದನ್ನು ಪೊಲೀಸ್ ಠಾಣೆಯಲ್ಲಿ ಒಪ್ಪಿಸಿ, ಮತ ಎಣಿಕೆ ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕಿತ್ತು. ಈಗಲೂ ಆ ಕ್ರಮ ಇದೆ. ಆಟಿಗೆ ತವರಿಗೆ ಹೋಗಿ ಬಂದ ಮದುಮಗಳಂತೆ ಕೋವಿ ಮತ್ತೆ ಮನೆ ಸೇರುತ್ತಿತ್ತು. ಅದು ಹೊಡೆದದ್ದಕ್ಕಿಂತ ಹೆದರಿಸಿದ್ದೇ ಹೆಚ್ಚು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲಂತೂ ಅನುಮತಿಯಿಲ್ಲದೆ ಕಾಡುಪ್ರಾಣಿಯನ್ನು ಕೊಲ್ಲುವಂತಿಲ್ಲ. ಒಂದು ಈಡು ಹೊಡೆದರೆ ಸಾಕು, ಹಂದಿಗಳು ಆ ರಾತ್ರಿಯ ಮಟ್ಟಿಗೆ ಪಕ್ಕದವರ ಗದ್ದೆಗೆ ಹೋಗುತ್ತಿದ್ದವು. ಇದೂ ಒಂದು ನೈತಿಕ ಪ್ರಶ್ನೆಯೇ ಆದರೂ ಅದನ್ನು ಇಲ್ಲಿ ಬಿಡುತ್ತೇನೆ.

ಈಗ ಆ ಹಳೆ ಕೋವಿ ಹೋಗಿ ಅಣ್ಣನ ಮಗನ ಹೆಸರಿನಲ್ಲಿ ರೈಫಲ್ ಬಂದಿದೆ, ಸರ್ಕಾರಿ ಕಾರ್ಖಾನೆಯ .315. ಹುಡುಗ ಎನ್.ಸಿ.ಸಿ.ಯಲ್ಲಿ ಗುರಿ ಕಲಿತವನು, ಗುರಿ ಹೊಡೆಯುವುದರಲ್ಲೇ ಅವನಿಗೆ ಸಂತೋಷ. ತೋಟೆ ಕೋವಿಗೂ ರೈಫಲಿಗೂ ಇರುವ ವ್ಯತ್ಯಾಸವನ್ನು ಅವನೇ ನನಗೆ ಬಿಡಿಸಿ ಹೇಳಿದ. ತೋಟೆಯ ಚರೆಗಳು ಹರಡಿಕೊಂಡು ಹೋಗಿ ಸ್ವಲ್ಪ ದೂರದಲ್ಲಿ ಸುಸ್ತಾಗಿ ಬೀಳುತ್ತವೆ. ರೈಫಲಿನ ಒಂಟಿ ಗುಂಡು ಒಂದು ಮೈಲಿಯ ಆಚೆಗೂ ಹೋಗಬಲ್ಲದು. ಒಂದು ಮೈಲಿ ಎಂದರೆ ನಮ್ಮ ಬೈಲಿನ ಲೆಕ್ಕದಲ್ಲಿ ಎಷ್ಟು ಅಂಗಳ, ಎಷ್ಟು ಹಟ್ಟಿ, ಎಷ್ಟು ಬಾವಿಕಟ್ಟೆ ಎಂದು ನಾನು ಮನಸ್ಸಿನಲ್ಲೇ ಎಣಿಸಿದೆ.

ರೈಫಲನ್ನು ಒಳಗೇ ಇಟ್ಟು, ಬರೇ ದುರ್ಬೀನನ್ನು ಕೈಗೆ ಕೊಟ್ಟು ನೋಡಲು ಹೇಳಿದ. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಗಾಜಿನಿಂದ ಮೂರು ನಾಲ್ಕು ಇಂಚು ಹಿಂದೆ ಇಟ್ಟುಕೊಳ್ಳಬೇಕು. ಹೊಡೆಯುವಾಗ ಇನ್ನೂ ಹತ್ತಿರ ಹೋದರೆ ರೈಫಲ್ ಹಿಂದಕ್ಕೆ ಒದ್ದು ಹುಬ್ಬು ಒಡೆಯುತ್ತದಂತೆ. ನಾಲ್ಕು ಪಟ್ಟು ಹತ್ತಿರ ತೋರಿಸುವ ಗಾಜು ಅದು: ನೂರು ಮೀಟರ್ ದೂರದ ವಸ್ತು ಇಪ್ಪತ್ತೈದು ಮೀಟರಿನಲ್ಲಿ ಇದ್ದಂತೆ ಕಾಣುತ್ತದೆ. ಬೈಲಿನ ಆಚೆ ದಂಡೆಯ ಹಲಸಿನ ಮರದಲ್ಲಿ ಕೂತ ಕಾಗೆಯ ಕತ್ತಿನ ಬೂದು ಬಣ್ಣ ಸ್ಪಷ್ಟವಾಗಿ ಕಂಡಿತು. ಮರ ಮಾತ್ರ ಕಾಣಲಿಲ್ಲ. ನೂರು ಮೀಟರ್ ಆಚೆ ಈ ಗಾಜಿಗೆ ಕಾಣುವುದು ಸುಮಾರು ಹತ್ತು ಮೀಟರ್ ಅಗಲದ ಒಂದು ತುಂಡು ಲೋಕ. ಅದರಾಚೆಗಿನದೆಲ್ಲ ಕಪ್ಪು ಬಳೆಯ ಹೊರಗೆ.

ಕೆಂಪು ಚುಕ್ಕೆಯದು ಬೇರೆ ರೀತಿ. ಅದು ಯಾವುದನ್ನೂ ದೊಡ್ಡದು ಮಾಡುವುದಿಲ್ಲ. ಒಳಗಿನ ಸಣ್ಣ ದೀಪದ ಬೆಳಕು ಗಾಜಿಗೆ ತಾಗಿ ನಮ್ಮ ಕಣ್ಣಿಗೆ ಹಿಂದಿರುಗುತ್ತದೆ. ಎದುರಿನ ಗಿಡದ ಮೇಲೇ ಒಂದು ಕೆಂಪು ಚುಕ್ಕೆ ನಿಂತಂತೆ ಕಾಣುತ್ತದೆ. ಗಿಡದ ಮೇಲೆ ನಿಜವಾಗಿ ಏನೂ ಬೀಳುವುದಿಲ್ಲ, ಅದು ನೋಡುವವನ ಕಣ್ಣಿಗೆ ಮಾತ್ರ. ಎರಡೂ ಕಣ್ಣು ತೆರೆದೇ ಇರಬಹುದು. ಇಂಥ ಚುಕ್ಕೆಯನ್ನು 1975ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪೆನಿ ಮಾರುಕಟ್ಟೆಗೆ ತಂದಿತು. ಹಳೆಯ ಕೋವಿಗಳಲ್ಲಿ ಹಿಂದಿನ ಕಚ್ಚು, ಮುಂದಿನ ಮೊನೆ, ಆಚೆಯ ಗುರಿ ಮೂರನ್ನೂ ಒಂದೇ ಗೆರೆಗೆ ತರಬೇಕಿತ್ತು. ಚಾಳೀಸು ಬಂದ ಕಣ್ಣಿಗೆ ಅದು ಸೂಜಿಗೆ ದಾರ ಪೋಣಿಸಿದಷ್ಟೇ ಕಷ್ಟ. ಇಲ್ಲಿ ಗುರಿಯನ್ನು ನೋಡಿದರೆ ಸಾಕು, ಚುಕ್ಕೆ ಅಲ್ಲೇ ಇರುತ್ತದೆ. ನನಗೆ ಕನ್ನಡಕದಲ್ಲಿ ಸಿಲಿಂಡರ್ ನಂಬರು ಇರುವುದರಿಂದಲೋ ಏನೋ, ಚುಕ್ಕೆ ದುಂಡಗೆ ಕಾಣದೆ ಬೆವರಿಗೆ ಹರಡಿದ ಕುಂಕುಮದಂತೆ ಕಂಡಿತು. ಅಂಥ ಕಣ್ಣಿನವರಿಗೆ ಹಾಗೇ ಕಾಣುವುದು ಎಂದು ಹುಡುಗ ಸಮಾಧಾನ ಮಾಡಿದ.

"ನಿನಗೆ ಯಾವುದು ಇಷ್ಟ ಮಾರಾಯ?" ಎಂದು ಕೇಳಿದೆ.

"ದುರ್ಬೀನೇ ಅತ್ತೆ. ನಾಳೆ ಅನುಮತಿ ಸಿಕ್ಕಿ ಹಂದಿಗೆ ಹೊಡೆಯಬೇಕಾಗಿ ಬಂದರೆ ಒಂದೇ ಗುಂಡಿಗೆ ಮುಗಿಯಬೇಕು. ಎಲ್ಲಿಗೋ ತಾಗಿ ಅದು ಹಾಡಿಯೊಳಗೆ ಹೋಗಿ ನಾಲ್ಕು ದಿನ ನರಳಿ ಸಾಯುವುದು ಪಾಪ ಅಲ್ಲವಾ?"

ಈ ಮಾತು ನನ್ನನ್ನು ತಡೆದು ನಿಲ್ಲಿಸಿತು. ನಾನು ಆ ಕೊಳವೆಯನ್ನು ಕ್ರೂರ ಸಾಧನವೆಂದು ತೀರ್ಮಾನಿಸಿಬಿಟ್ಟಿದ್ದೆ. ಅವನು ಅದನ್ನು ದಯೆಯ ಕಾರಣಕ್ಕೇ ಕೇಳುತ್ತಿದ್ದ. ಆದರೂ ನನ್ನ ಒಳಗಿನ ಅಳುಕು ಹೋಗಲಿಲ್ಲ. ಅದಕ್ಕೆ ಕಾರಣ ಒಂದು ಹಳೆಯ ರಾತ್ರಿ.

1970ರ ದಶಕದ ಕೊನೆಯ ಮಾತು. ನನಗೆ ಹನ್ನೊಂದೋ ಹನ್ನೆರಡೋ ವರ್ಷ. ಗದ್ದೆಯಲ್ಲಿ ಗೆಣಸು ಹಾಕಿದ್ದರು. ಗೆಣಸೆಂದರೆ ಹಂದಿಗೆ ಮದುವೆಯೂಟ. ಅಪ್ಪಯ್ಯ ಟಾರ್ಚನ್ನು ಕೋವಿಯ ನಳಿಗೆಗೇ ಹುರಿಯಿಂದ ಬಿಗಿದು ಕಟ್ಟಿಕೊಂಡು ಕಾವಲಿಗೆ ಹೋಗುತ್ತಿದ್ದರು. ಬೆಳಕು ಬಿದ್ದಲ್ಲಿಗೇ ಗುಂಡು ಹೋಗಬೇಕೆಂಬ ಉಪಾಯ ಅದು. ಆ ರಾತ್ರಿ ಅಂಚಿನ ಪೊದೆಯಲ್ಲಿ ಸರಸರ ಸದ್ದಾಯಿತು. ಕೋವಿ ಎತ್ತಿ ಟಾರ್ಚು ಒತ್ತಿದರು. ಬೆಳಕಿನ ದುಂಡಿನಲ್ಲಿ ಎರಡು ಕಣ್ಣು ಹೊಳೆದವು. ಬೆರಳು ಟ್ರಿಗರಿನ ಮೇಲಿತ್ತು. ಅಷ್ಟರಲ್ಲಿ ಬೆಳಕಿನ ಹೊರಗೆ, ಕತ್ತಲಲ್ಲಿ, ಗಾಜಿನ ಬಳೆಯ ಸದ್ದು ಕೇಳಿತು. ನಮ್ಮ ಗದ್ದೆಗೆ ನೆಟ್ಟಿಗೆ ಬರುತ್ತಿದ್ದ ಹೆಂಗಸು, ಸಂಜೆ ಮನೆಗೆ ಬಾರದ ಕರುವನ್ನು ಹುಡುಕಿಕೊಂಡು ಬಂದವಳು. ಅವಳ ಕೈಯ ಸೂಟೆ ನಂದಿಹೋಗಿತ್ತು. ಹೊಳೆದ ಕಣ್ಣು ಕರುವಿನದು. ಅವಳು ಅದರ ಹಿಂದೆಯೇ ನಿಂತಿದ್ದಳು.

ಅಪ್ಪಯ್ಯ ಮನೆಗೆ ಬಂದು ಎರಡು ಚೆಂಬು ನೀರು ಕುಡಿದರು. ಆಮೇಲೆ ಹುರಿ ಬಿಚ್ಚಿ ಟಾರ್ಚನ್ನು ಅಮ್ಮನ ಕೈಗೆ ಕೊಟ್ಟು, "ಇನ್ನು ಮೇಲೆ ಟಾರ್ಚು ನೀನು ಹಿಡಿದುಕೋ" ಎಂದರು. ಅಂದಿನಿಂದ ಕಾವಲಿಗೆ ಇಬ್ಬರೂ ಹೋಗುತ್ತಿದ್ದರು. ಮೊದಲು ಅಮ್ಮ ಬೆಳಕು ಹಾಕಿ ಸುತ್ತಲೂ ನೋಡುವುದು, ಅವಳು ಸರಿ ಎಂದ ಮೇಲೆಯೇ ಕೋವಿ ಏಳುವುದು. ಅಮ್ಮ ಸರಿ ಎಂದ ರಾತ್ರಿಗಳು ಬಹಳ ಕಡಿಮೆ. ಆ ಹೆಂಗಸು ಮಾರನೆಯ ದಿನ ಎಂದಿನಂತೆ ಕೆಲಸಕ್ಕೆ ಬಂದಳು, ಅಮ್ಮ ಅವಳಿಗೆ ಅಂದು ಬೆಲ್ಲ ಜಾಸ್ತಿ ಹಾಕಿ ಕಾಪಿ ಕೊಟ್ಟಳು. ನಡೆದದ್ದನ್ನು ಅವಳಿಗೆ ಯಾರೂ ಹೇಳಲಿಲ್ಲ. ಹೇಳಬೇಕಾಗಿತ್ತೇ ಎಂಬುದು ಇಂದಿಗೂ ನನಗೆ ತೀರ್ಮಾನವಾಗದ ಪ್ರಶ್ನೆ.

ನಮ್ಮ ಪುರಾಣಗಳು ಗುರಿಯ ಬಗ್ಗೆ ಎರಡು ಬಗೆಯ ಮಾತು ಹೇಳುತ್ತವೆ. ದ್ರೋಣರ ಪರೀಕ್ಷೆಯಲ್ಲಿ ಮರ, ಕೊಂಬೆ, ಅಣ್ಣತಮ್ಮಂದಿರು ಯಾರೂ ಕಾಣದೆ ಹಕ್ಕಿಯೊಂದೇ ಕಂಡ ಅರ್ಜುನ ಗೆದ್ದ. ಶಾಲೆಯಲ್ಲಿ ಮಕ್ಕಳಿಗೆ ನಾವು ಹೇಳುವುದು ಇದೊಂದನ್ನೇ. ಆದರೆ ಕೊಡ ತುಂಬುವ ಸದ್ದನ್ನು ಆನೆಯೆಂದು ತಿಳಿದು ಬಾಣ ಬಿಟ್ಟ ದಶರಥನದೂ ಗುರಿ ತಪ್ಪಿರಲಿಲ್ಲ. ಜಿಂಕೆಯ ರೂಪದಲ್ಲಿದ್ದ ಋಷಿಗೆ ಹೊಡೆದ ಪಾಂಡುವಿನದೂ ತಪ್ಪಿರಲಿಲ್ಲ. ಅವರ ಬಾಣ ನೆಟ್ಟಗೆ ಹೋಯಿತು, ಅವರೇ ತಪ್ಪಿದರು. ದಶರಥ ಸದ್ದು ಕೇಳಿ ಹೊಡೆದ, ಅಪ್ಪಯ್ಯ ಸದ್ದು ಕೇಳಿ ನಿಲ್ಲಿಸಿದರು. ವಂಶದ ಪುಣ್ಯ ಎಂದು ಅಮ್ಮ ಹೇಳುತ್ತಿದ್ದಳು. ಬಳೆಯ ಪುಣ್ಯ ಎಂದು ನಾನು ಹೇಳುತ್ತೇನೆ.

ಇದನ್ನೆಲ್ಲ ಕೇಳಿ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅದಕ್ಕೇ ಅತ್ತೆ ದುರ್ಬೀನು ಬೇಕಾದ್ದು. ಅಜ್ಜನ ಹತ್ತಿರ ಅದು ಇದ್ದಿದ್ದರೆ ಕರು ಎಂದು ಮೊದಲೇ ಗೊತ್ತಾಗುತ್ತಿತ್ತು" ಎಂದ.

ಗೊತ್ತಾಗುತ್ತಿತ್ತೋ ಏನೋ. ಆದರೆ ಗೊತ್ತುಮಾಡಿಕೊಳ್ಳುವುದಕ್ಕೆ ಅವರು ಏನು ಮಾಡಬೇಕಿತ್ತು? ಕೋವಿಯ ಮೇಲೆ ಕೂತ ಗಾಜಿನಲ್ಲಿ ನೋಡಬೇಕಾದರೆ ಕೋವಿಯನ್ನೇ ಆ ಕಡೆಗೆ ತಿರುಗಿಸಬೇಕು. ಅಂದರೆ ಅದು ಕರುವೋ ಹಂದಿಯೋ ಹೆಂಗಸೋ ಎಂದು ತಿಳಿಯುವ ಮೊದಲೇ ಅದರ ಎದೆಗೆ ನಳಿಗೆ ಇಟ್ಟಾಗಿರುತ್ತದೆ. ಟಾರ್ಚು ಕಟ್ಟಿದ ಅಪ್ಪಯ್ಯನ ಉಪಾಯವೂ ಇದೇ ಆಗಿತ್ತು. ಕೆಂಪು ಚುಕ್ಕೆಯಲ್ಲಿ ಎರಡು ಕಣ್ಣು ತೆರೆದಿರುತ್ತವೆ ನಿಜ, ಬದಿಯಲ್ಲಿ ಬಂದವರು ಕಂಡಾರು. ಆದರೆ ಅದು ದೂರದ್ದನ್ನು ಬಿಡಿಸಿ ತೋರಿಸದು, ನೋಡಿದ ಕೂಡಲೇ ಚುಕ್ಕೆ ಇಟ್ಟುಬಿಡುತ್ತದೆ. ಒಂದು ಸುತ್ತಲಿನದನ್ನು ಮರೆಸುತ್ತದೆ, ಇನ್ನೊಂದು ಎದುರಿನದನ್ನು ಅವಸರದಲ್ಲಿ ಗುರಿಯಾಗಿಸುತ್ತದೆ. ತಪ್ಪು ಗಾಜಿನಲ್ಲಿಲ್ಲ, ನೋಡುವ ಕೆಲಸವನ್ನೂ ಹೊಡೆಯುವ ಕೆಲಸವನ್ನೂ ಒಂದೇ ಹುರಿಯಿಂದ ಕಟ್ಟಿದ್ದರಲ್ಲಿ ಇದೆ.

ಸ್ಪರ್ಧೆಯ ಮಾತೂ ಬಂತು. ಒಲಿಂಪಿಕ್ಸಿನ ರೈಫಲ್ ಸ್ಪರ್ಧೆಗಳಲ್ಲಿ ದುರ್ಬೀನೂ ಇಲ್ಲ, ಕೆಂಪು ಚುಕ್ಕೆಯೂ ಇಲ್ಲವಂತೆ. ಸಣ್ಣ ತೂತು ಮತ್ತು ಉಂಗುರ ಮಾತ್ರ. ಏರ್ ರೈಫಲಿನಲ್ಲಿ ಹತ್ತು ಮೀಟರ್ ದೂರದಿಂದ ಹೊಡೆಯಬೇಕಾದ ನಡುಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ನಮ್ಮ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರು 2004ರ ಅಥೆನ್ಸ್‌ನಲ್ಲಿ ಇದೇ ಸ್ಪರ್ಧೆಯ ಅಂತಿಮ ಸುತ್ತು ಮುಟ್ಟಿದವರು. ಅವರ ತರಬೇತಿಯಲ್ಲಿ ಅವನಿ ಲೇಖರಾ 2021ರಲ್ಲಿ ಟೋಕಿಯೋ ಪ್ಯಾರಾಲಿಂಪಿಕ್ಸಿನ ಚಿನ್ನ ಗೆದ್ದಳು. ಕೇಳಿ ಸಂತೋಷವಾಯಿತು. ಆದರೆ ಅಲ್ಲಿ ಗುರಿ ಯಾವುದು ಎಂದು ಬೇರೆಯವರು ಮೊದಲೇ ನಿಶ್ಚಯಿಸಿ ತೂಗುಹಾಕಿದ್ದಾರೆ, ಹಿಂದೆ ಗುಂಡು ನಿಲ್ಲಿಸುವ ಗೋಡೆಯೂ ಇದೆ. ಆದ್ದರಿಂದ ಆ ಹುಡುಗಿಯರು ನಿಶ್ಚಿಂತೆಯಿಂದ ಚುಕ್ಕೆಯೊಂದನ್ನೇ ನೋಡಬಹುದು. ನಮ್ಮ ಬೈಲಿನಲ್ಲಿ ಹಿಂದೆ ಗೋಡೆ ಇಲ್ಲ, ಇನ್ನೊಬ್ಬರ ಅಂಗಳ ಇದೆ.

ಇಷ್ಟು ದೊಡ್ಡ ಉಪದೇಶ ಮಾಡಿ ರಾತ್ರಿ ಮಲಗಿದರೆ ನಿದ್ದೆ ಬರಲಿಲ್ಲ. ಕೋವಿ ಮುಟ್ಟದ ನಾನು ಎಷ್ಟು ಸಲ ಕೋವಿ ಎತ್ತಿಯೇ ನೋಡಿದ್ದೇನೆ! ಮಗಳು ಮಣಿಪಾಲದ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಬಸ್ಸು ತಪ್ಪಿ ತಡವಾದರೆ ಸಾಕು, ಕಿಟಕಿಯ ಹತ್ತಿರ ನಿಂತಿರುತ್ತಿದ್ದೆ. ಅವಳು ಗೇಟು ತೆರೆಯುವ ಮೊದಲೇ ಪ್ರಶ್ನೆ ತಯಾರಿರುತ್ತಿತ್ತು. ಮುಖ ಬಾಡಿದ್ದು ಕಂಡಿತ್ತು, ಅದು ಹಸಿವೆಯಿಂದ ಎಂದು ಕಾಣಲಿಲ್ಲ. ನಮ್ಮಲ್ಲಿ ಸೊಸೆಯ ಸಾರಿನ ಉಪ್ಪನ್ನು ನಾಲ್ಕು ಪಟ್ಟು ದೊಡ್ಡದು ಮಾಡಿ ನೋಡುವವರಿದ್ದಾರೆ. ಎಲ್ಲರನ್ನೂ ಇದ್ದ ಹಾಗೆಯೇ ಕಂಡು, ಪ್ರತಿಯೊಬ್ಬರ ಹಣೆಗೂ ಒಂದೊಂದು ಕೆಂಪು ಚುಕ್ಕೆ ಇಡುವವರೂ ಇದ್ದಾರೆ. ನೋಡಿದ್ದೇವೆ ಎಂದು ನಾವು ಹೇಳಿಕೊಳ್ಳುತ್ತೇವೆ. ನಾವು ನೋಡಿರುವುದಿಲ್ಲ, ಗುರಿ ಹಿಡಿದಿರುತ್ತೇವೆ. ಒಂದು ರಾತ್ರಿ ಮಗಳೇ ಕೇಳಿದ್ದಳು, "ಅಮ್ಮ, ಊಟ ಆಯಿತಾ ಎಂದು ಮೊದಲು ಕೇಳಬಹುದಲ್ಲ?" ಅದು ನನಗೆ ಕೇಳಿಸಿದ ಬಳೆಯ ಸದ್ದು.

ಬೆಳಿಗ್ಗೆ ದೋಸೆ ತಿನ್ನುವಾಗ ಹುಡುಗನಿಗೆ ಹೇಳಿದೆ: "ಮೊದಲು ಕೈಯಲ್ಲಿ ಹಿಡಿಯುವ ಒಂದು ಸಾದಾ ಬೈನಾಕ್ಯುಲರ್ ತೆಗೆದುಕೋ. ಒಂದು ಒಳ್ಳೆಯ ಟಾರ್ಚು ತೆಗೆದುಕೋ, ಅದನ್ನು ಹಿಡಿಯಲು ಬೇರೆಯವರು ಇರಲಿ. ಅವೆರಡರಿಂದ ಎದುರಿನದನ್ನೂ ಹಿಂದಿನದನ್ನೂ ನೋಡಿ ಮುಗಿದ ಮೇಲೆ ರೈಫಲಿಗೆ ಯಾವುದನ್ನು ಬೇಕಾದರೂ ಕೂರಿಸಿಕೋ. ನಮ್ಮ ಬೈಲಿನ ಮಟ್ಟಿಗೆ ಕೇಳಿದರೆ ಎರಡೂ ಕಣ್ಣು ತೆರೆದಿಡುವುದೇ ವಾಸಿ ಎಂದು ಕಾಣುತ್ತದೆ. ದೂರ ಕಡಿಮೆ, ಮನೆ ಜಾಸ್ತಿ."

"ಒಂದೇ ಗುಂಡಿಗೆ ಮುಗಿಯದಿದ್ದರೆ?" ಎಂದ ಅವನು.

"ಹಾಗೆ ಅನುಮಾನ ಇದ್ದರೆ ಹೊಡೆಯಬೇಡ" ಎಂದೆ. ಅತ್ತಿಗೆ ಒಳಗಿನಿಂದ, "ಅಷ್ಟಕ್ಕೂ ಹಂದಿಗೆ ಅನುಮತಿ ಇನ್ನೂ ಸಿಕ್ಕಿಲ್ಲ, ನೀವಿಬ್ಬರೂ ದೋಸೆ ತಣಿಸುತ್ತಿದ್ದೀರಿ" ಎಂದರು.

ಮೊನ್ನೆ ದೀಪಾವಳಿಗೆ ಹೋದಾಗ ನೋಡಿದೆ. ಎರಡು ಪೆಟ್ಟಿಗೆಗಳೂ ಗೆಳೆಯರಿಗೆ ಹಿಂದಕ್ಕೆ ಹೋಗಿದ್ದವು, ಯಾವುದನ್ನು ಕೊಳ್ಳುವುದೆಂದು ಅವನು ಇನ್ನೂ ನಿಶ್ಚಯಿಸಿಲ್ಲ. ಜಗಲಿಯ ಮೊಳೆಯಲ್ಲಿ ಒಂದು ಬೈನಾಕ್ಯುಲರ್ ನೇತಾಡುತ್ತಿತ್ತು. ಅದನ್ನು ಹೆಚ್ಚಾಗಿ ಬಳಸುವವರು ಅತ್ತಿಗೆ. ಬೈಲಿನ ಆಚೆ ಮನೆಯಲ್ಲಿ ಒಬ್ಬರೇ ಇರುವ ಅಜ್ಜಿ ಬೆಳಿಗ್ಗೆ ಬಾಗಿಲು ತೆರೆದರೋ ಇಲ್ಲವೋ ಎಂದು ದಿನಾ ಅದರಲ್ಲಿ ನೋಡುತ್ತಾರೆ.