ಸಂತೃಪ್ತಿಯ ಪಾಠ ಯಾರಿಗೆ?

ಕಳೆದ ತಿಂಗಳು ಒಂದು ಸಂಜೆ ನಮ್ಮ ಕಡಬದಲ್ಲಿ ಕರೆಂಟು ಹೋಯಿತು. ಮಗ್ರಿಬ್ ಮುಗಿಸಿ ಮನೆಗೆ ಬಂದರೆ ಎಲ್ಲರಿಗೂ ಒಂದೊಂದು ಸಂಕಟ. ಮೊಬೈಲಿನಲ್ಲಿ ಚಾರ್ಜ್ ಇಲ್ಲವೆಂದು ಮಗನ ಗೋಳು. ಟ್ಯಾಂಕಿಗೆ ನೀರು ಏರಿಸಿಲ್ಲವೆಂದು ಮನೆಯಾಕೆಯ ಚಿಂತೆ. ಫ್ಯಾನ್ ನಿಂತು ಅಮ್ಮಿಗೆ ಸೆಕೆ. ಎರಡು ಗಂಟೆಯ ಕತ್ತಲನ್ನು ನಾವು ತಾಳದಾದೆವು. 'ಸ್ವಲ್ಪ ಸಬರ್ ಮಾಡು' ಎಂದು ಮಗನಿಗೆ ಹೇಳಹೊರಟವನ ನಾಲಿಗೆ ತಡೆಯಿತು. ಹನ್ನೆರಡು ವರ್ಷಗಳ ಹಿಂದೆ ಇದೇ ಮಾತನ್ನು ಆಡಬಾರದ ಕಡೆ ಆಡಿದ್ದೆ.

ಬಿ.ಎ. ಓದುವಾಗಿನ ಗೆಳೆಯನೊಬ್ಬನ ಮನೆ ಸಾಗರ ತಾಲೂಕಿನ ತುಮರಿ ಕಡೆ ಇತ್ತು. 1964ರಲ್ಲಿ ಶರಾವತಿ ನದಿಗೆ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಕಣಿವೆಯ ಗದ್ದೆ, ತೋಟ, ಮನೆಗಳು ಮುಳುಗಿದವು. ಉಳಿದ ಕರೂರು, ಬಾರಂಗಿ ಸೀಮೆಯ ಹಳ್ಳಿಗಳಿಗೂ ಸಾಗರ ಪಟ್ಟಣಕ್ಕೂ ನಡುವೆ ಹಿನ್ನೀರು ಹರಡಿತು. ಒಂದೆಡೆ ಕಾಡು, ಮತ್ತುಳಿದೆಡೆ ನೀರು. ಹೆಸರಿಗೆ ದ್ವೀಪವಲ್ಲದಿದ್ದರೂ ಬದುಕಿಗೆ ಅದು ದ್ವೀಪವೇ. ದಾಟಲು ಲಾಂಚ್ ಇತ್ತು, ಸಂಜೆಯಾದ ಮೇಲೆ ಅದೂ ಇರಲಿಲ್ಲ. ಬೇಸಗೆಯಲ್ಲಿ ನೀರು ತೀರ ಇಳಿದರೆ ವಾಹನ ಸಾಗಿಸುವುದು ನಿಲ್ಲುತ್ತಿತ್ತು.

ಗೆಳೆಯನ ಮನೆಗೆ ವಿದ್ಯುತ್ ಕಂಬ ಬಂದಿರಲಿಲ್ಲ. ಸೂರಿನ ಮೇಲೆ ಒಂದು ಸೋಲಾರ್ ಹಲಗೆ, ಅದರಿಂದ ಎರಡು ದೀಪ. ಒಂದು ಅಡುಗೆಮನೆಗೆ, ಇನ್ನೊಂದು ಓದುವ ಮಕ್ಕಳಿಗೆ. ಮೋಡ ಮುಸುಕಿದ ವಾರಗಳಲ್ಲಿ ಬ್ಯಾಟರಿ ತುಂಬದು. ಆಗ ಸೀಮೆಎಣ್ಣೆ ಬುಡ್ಡಿ. ಮಳೆಗಾಲಕ್ಕೆ ಮುನ್ನವೇ ಸೌದೆ, ಅಕ್ಕಿ, ಉಪ್ಪು, ಔಷಧಿ ಎಲ್ಲ ಕೂಡಿಡಬೇಕು. ಗುಡ್ಡದ ಝರಿಯಿಂದ ಪೈಪಿನಲ್ಲಿ ನೀರು ತಾನಾಗಿ ಇಳಿದು ಬರುತ್ತಿತ್ತು. ದನ ತುಳಿದು ಪೈಪು ತಪ್ಪಿದರೆ ಮಳೆಯಲ್ಲೇ ಹತ್ತಿ ಹೋಗಿ ಜೋಡಿಸಬೇಕು. ಫೋನ್ ಮಾಡಬೇಕಾದರೂ ಗುಡ್ಡವನ್ನೇ ಹತ್ತಬೇಕು. ಸಾಗರದಲ್ಲಿ ಕೆಲಸವಿದ್ದರೆ ಕೊನೆಯ ಲಾಂಚಿನ ಹೊತ್ತು ನೋಡಿಕೊಂಡೇ ಮಾತು ಮುಗಿಸಬೇಕು.

ಆ ಮನೆಯವರು ಇದಕ್ಕೆಲ್ಲ ಚೆನ್ನಾಗಿ ಹೊಂದಿಕೊಂಡಿದ್ದರು. ಯಾವ ಕೆಲಸವೂ ಹೊತ್ತು ಮೀರುತ್ತಿರಲಿಲ್ಲ. ಊಟವಾದ ಕೂಡಲೆ ಅಡುಗೆಮನೆಯ ದೀಪ ಆರುತ್ತಿತ್ತು. ಮಾತು ಮಾತ್ರ ಕತ್ತಲಲ್ಲೂ ಮುಂದುವರಿಯುತ್ತಿತ್ತು. ಮದ್ರಸಾದ ಓದಿನಿಂದ ಹೊಸದಾಗಿ ಹೊರಬಂದ ಉತ್ಸಾಹದಲ್ಲಿದ್ದ ನಾನು, ಗೆಳೆಯನ ತಾಯಿಯ ಮುಂದೆ ಕನಾಅತ್ ಅಂದರೆ ಸಂತೃಪ್ತಿಯ ಬಗ್ಗೆ ಒಂದು ಪುಟ್ಟ ಪ್ರವಚನವನ್ನೇ ಮಾಡಿದೆ. ಇದೇ ನಿಜವಾದ ಬದುಕು, ಸಹನೆ ಅಂದರೆ ಇದು, ನಿಮ್ಮಂಥವರೇ ಪುಣ್ಯವಂತರು ಎಂದೆ.

ಆ ತಾಯಿ ನಕ್ಕರು. "ತಮಾ, ನಿನಗೆ ಬೆಳಿಗ್ಗೆ ಲಾಂಚ್ ಇದೆ. ನಮಗೆ ನಾಳೆಯೂ ಇದೇ ಬುಡ್ಡಿ" ಎಂದರು. ಮತ್ತೆ, ಒಂದು ಮಳೆಗಾಲದ ರಾತ್ರಿ ತಮ್ಮ ಅತ್ತೆಗೆ ಎದೆನೋವು ಬಂದಾಗ ಬೆಳಗಾಗುವವರೆಗೆ ದಡದಲ್ಲಿ ಕುಳಿತು ಕಾದದ್ದನ್ನು ಹೇಳಿದರು. ಅವರ ಮಾತಿನಲ್ಲಿ ಸಿಟ್ಟು ಇರಲಿಲ್ಲ. ನನಗೆ ಮಾತ್ರ ಮತ್ತೆ ಬಾಯಿ ತೆರೆಯಲಾಗಲಿಲ್ಲ.

ಓದುಗ ಬಂಧುಗಳೇ, ಇಲ್ಲಿ ಒಂದು ಸೂಕ್ಷ್ಮ ವ್ಯತ್ಯಾಸವನ್ನು ನಾವು ಗಮನಿಸಬೇಕು. ಇರುವುದನ್ನು ತಾನಾಗಿ ಮಿತಗೊಳಿಸಿಕೊಳ್ಳುವುದು ಬೇರೆ. ಕೊಡಬೇಕಾದದ್ದನ್ನು ಕೊಡದ ಕಾರಣ ಇಲ್ಲದಿರುವುದು ಬೇರೆ. ಹೊರನೋಟಕ್ಕೆ ಎರಡೂ ಒಂದೇ: ಒಂದು ಸಣ್ಣ ದೀಪ, ಒಂದು ಸರಳ ಊಟ. ಆದರೆ ಮೊದಲನೆಯದು ಸದ್ಗುಣ. ಎರಡನೆಯದು ಯಾರದೋ ಕರ್ತವ್ಯಲೋಪದ ಫಲ. ಅದನ್ನು ಧೈರ್ಯದಿಂದ ಸಹಿಸುವವನು ಗೌರವಕ್ಕೆ ಅರ್ಹನು, ನಿಜ. ಆದರೆ ಅವನ ಸಹನೆಯನ್ನು ಹೊಗಳಿಬಿಟ್ಟರೆ ನಮ್ಮ ಹೊಣೆ ತೀರಿತೆಂದು ತಿಳಿಯುವುದು ಆತ್ಮವಂಚನೆಯಲ್ಲದೆ ಮತ್ತೇನು? ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ದಶಕಗಳ ಕಾಲ ಅದು ನಾಡಿನ ಮನೆ, ಕಾರ್ಖಾನೆಗಳನ್ನು ಬೆಳಗಿತು. ಅದಕ್ಕಾಗಿ ನೆಲ ಬಿಟ್ಟವರ ಸೀಮೆಯಲ್ಲೇ ಬುಡ್ಡಿ ಉರಿಯುತ್ತಿತ್ತು. ಆ ಬೆಳಕಿನಲ್ಲಿ ಓದಿ ಬಂದ ನಾನು, ಅವರಿಗೇ ಕತ್ತಲಿನ ಮಹಿಮೆ ಹೇಳಿದ್ದೆ!

ಹಿಜರಿ 18ರಲ್ಲಿ ಅರೇಬಿಯದಲ್ಲಿ ಭೀಕರ ಕ್ಷಾಮ ಬಂತು. ಖಲೀಫ ಉಮರ್(ರ) ಜನರಿಗೆ ತಾಳ್ಮೆಯ ಉಪದೇಶವನ್ನಷ್ಟೇ ಕೊಟ್ಟು ಕೂರಲಿಲ್ಲ. ದೂರದ ಪ್ರಾಂತ್ಯಗಳಿಂದ ಧಾನ್ಯ ತರಿಸಿದರು. ಜನರಿಗೆ ಸಿಗುವವರೆಗೆ ತುಪ್ಪವನ್ನೂ ಮಾಂಸವನ್ನೂ ತಾವು ಮುಟ್ಟಲಿಲ್ಲ. ಸಂತೃಪ್ತಿಯನ್ನು ಅವರು ತಮ್ಮ ಮೇಲೆ ವಿಧಿಸಿಕೊಂಡರು, ನೆರೆಯವನಿಗೆ ನ್ಯಾಯವನ್ನು ಕೊಟ್ಟರು. ನಾವು ಇದನ್ನು ತಿರುವುಮುರುವು ಮಾಡುತ್ತೇವೆ. ನಮಗೆ ಸೌಲಭ್ಯ ಬೇಕು, ಬಡವನಿಗೆ ಸಬರ್ ಇರಬೇಕು. ಮನೆಗೆಲಸಕ್ಕೆ ಬರುವಾಕೆಗೆ, ಸಂಬಳ ತಡವಾದ ಆಳಿಗೆ, ಅಷ್ಟೇಕೆ, ಮನೆಯಲ್ಲಿ ಕೊನೆಗೆ ಉಣ್ಣುವ ಹೆಂಗಸರಿಗೆ ನಾವು ಹೇಳುವುದೂ ಇದನ್ನೇ ಅಲ್ಲವೇ?

ಹಾಗಾದರೆ ಸರಳ ಬದುಕಿನಿಂದ ಕಲಿಯುವುದು ಏನೂ ಇಲ್ಲವೇ? ಇದೆ. ಆದರೆ ಕಲಿಯಬೇಕಾದವರು ಅನುಕೂಲವಿರುವವರು. ಆ ಮನೆಯಲ್ಲಿ ಪ್ರತಿಯೊಬ್ಬರಿಗೂ ಇಂದಿನ ಬೆಳಕು ಎಷ್ಟು ಉಳಿದಿದೆಯೆಂದು ಗೊತ್ತಿತ್ತು. ಆದುದರಿಂದಲೇ ಅದನ್ನು ಯಾರಿಗೆ ಮೊದಲು ಕೊಡಬೇಕೆಂಬುದೂ ಗೊತ್ತಿತ್ತು: ಓದುವ ಮಗುವಿಗೆ. ಗುಂಡಿ ಒತ್ತಿದರೆ ಬೆಳಕು ಬರುವ ಮನೆಯಲ್ಲಿ ನಮಗೆ ಅಳತೆಯ ಅರಿವೇ ಇಲ್ಲ. ಅಳತೆ ಮರೆತ ಕಡೆ ದುಂದುಗಾರಿಕೆ ತಾನಾಗಿ ಬಂದು ಸೇರುತ್ತದೆ.

2025ರ ಜುಲೈ 14ರಂದು ಅಂಬಾರಗೋಡ್ಲು, ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾಯಿತು. ಅಣೆಕಟ್ಟು ಮುಗಿದ 61 ವರ್ಷಗಳ ಮೇಲೆ! ನಾನು ಗೆಳೆಯನಿಗೆ ಫೋನ್ ಮಾಡಿದೆ. "ಇನ್ನು ರಾತ್ರಿಯೂ ದಾಟಬಹುದು ಅಂತ ಅಮ್ಮ ಎರಡು ಸಲ ಹೇಳಿದಳು" ಎಂದ. ಸಹನೆಗೆ ಹೆಸರಾದ ಆ ತಾಯಿ ಅಷ್ಟು ವರ್ಷ ಕಾದದ್ದು ಇದಕ್ಕೇ ತಾನೇ?

ಆ ಸಂಜೆ ಮಗನಿಗೆ ನಾನು ಉಪದೇಶ ಮಾಡಲಿಲ್ಲ. ನನ್ನ ಮೊಬೈಲನ್ನೂ ಆರಿಸಿ ಪಕ್ಕದಲ್ಲಿ ಕುಳಿತು, ಬುಡ್ಡಿಯ ಬೆಳಕಿನಲ್ಲಿ ಓದುತ್ತಿದ್ದ ಆ ಮಕ್ಕಳ ಕಥೆ ಹೇಳಿದೆ. ಕರೆಂಟು ಬಂದಾಗ ಅವನೇ ಎದ್ದು ಹೋಗಿ, ಯಾರೂ ಇಲ್ಲದ ಕೋಣೆಯ ದೀಪ ಆರಿಸಿ ಬಂದ.