ಅತಿ ಆಸೆ ಗತಿಗೇಡು: ಒಂದು ಅಂಕದ ಆಸೆಗೆ ಎಷ್ಟು ತೆರಬಹುದು?

‘ಅತಿ ಆಸೆ ಗತಿಗೇಡು’ ಎಂಬ ಗಾದೆ ಹೆಚ್ಚಾಗಿ ಕೆಲಸ ಕೆಟ್ಟ ಮೇಲೆಯೇ ಕಿವಿಗೆ ಬೀಳುತ್ತದೆ. ಹೆಚ್ಚು ಬಡ್ಡಿಯ ಆಸೆಗೆ ಅಸಲನ್ನೇ ಕಳೆದುಕೊಂಡವರಿಗೆ, ಇನ್ನೂ ಬೆಲೆ ಬರಲಿ ಎಂದು ಕಾದು ಅಡಿಕೆ ಹಾಳು ಮಾಡಿಕೊಂಡವರಿಗೆ ಊರಿನವರು ಇದನ್ನು ಹೇಳುತ್ತಾರೆ. ಅಷ್ಟು ಹೊತ್ತಿಗೆ ಅದು ಬುದ್ಧಿಮಾತಾಗಿ ಉಳಿದಿರುವುದಿಲ್ಲ, ಗಾಯದ ಮೇಲೆ ಬರೆ ಎಳೆದಂತಾಗಿರುತ್ತದೆ. ಗಾದೆಯಿಂದ ನಿಜಕ್ಕೂ ಪ್ರಯೋಜನವಾಗಬೇಕಾದರೆ ಕೈಯಲ್ಲಿದ್ದದ್ದು ಕೈಬಿಡುವ ಮೊದಲೇ ಅದು ನೆನಪಾಗಬೇಕು.

ಆದರೆ ಅಲ್ಲೊಂದು ತೊಡಕಿದೆ. ಆಸೆ ತಪ್ಪೆಂದು ಗಾದೆ ಹೇಳುವುದಿಲ್ಲ, ಅತಿಯಾದರೆ ಮಾತ್ರ ಕೇಡು ಎನ್ನುತ್ತದೆ. ಆ ಗೆರೆ ಎಲ್ಲಿದೆ ಎಂಬುದನ್ನು ಕೇಳಿದವರಿಗೇ ಬಿಡುತ್ತದೆ. ಬದುಕಿನ ಬಹುಪಾಲು ವ್ಯವಹಾರಗಳಲ್ಲಿ ಅದನ್ನು ಅಳೆಯಲು ಬರುವುದಿಲ್ಲ. ಹಳೆಯ ನಾಣ್ಯ ಸಂಗ್ರಹಿಸುವವರ ಲೋಕದಲ್ಲಿ ಮಾತ್ರ ಅದನ್ನು ಕಾಗದದ ಮೇಲೆ ಲೆಕ್ಕ ಹಾಕಿ, ಹೆಚ್ಚುಕಡಿಮೆ ರೂಪಾಯಿಯಲ್ಲೇ ಗುರುತಿಸಬಹುದು.

ಒಂದು ಉದಾಹರಣೆ ನೋಡೋಣ. ಕಾರವಾರ, ಉಡುಪಿ, ಮಂಗಳೂರು, ಕಾಸರಗೋಡು ದಾಟಿ ಬರುವ ಕರಾವಳಿಯ ಹೆದ್ದಾರಿ ಕೊಚ್ಚಿಯನ್ನು ಮುಟ್ಟುವುದು ಎಡಪ್ಪಳ್ಳಿಯಲ್ಲಿ. ಇಂದು 66 ಎನಿಸಿಕೊಂಡಿರುವ ಈ ರಸ್ತೆಗೆ 17 ಎಂಬ ಸಂಖ್ಯೆಯಿದ್ದ ಕಾಲದಲ್ಲಿ ಅದು ಎಡಪ್ಪಳ್ಳಿಗೇ ಮುಗಿಯುತ್ತಿತ್ತು. ಇದೇ ದಾರಿ ಹಿಡಿದು ಬಂದ ಕರಾವಳಿಯ ಒಂದು ಕುಟುಂಬ ಎಡಪ್ಪಳ್ಳಿಯಲ್ಲಿ ಮನೆ ಮಾಡಿಕೊಂಡಿದೆ ಎಂದುಕೊಳ್ಳೋಣ. ಅಜ್ಜನ ಪೆಟ್ಟಿಗೆಯಲ್ಲಿ ತಿರುವಿದಾಂಕೂರಿನ ಬೆಳ್ಳಿಯ ಅರ್ಧ ರೂಪಾಯಿಯೊಂದು ಸಿಕ್ಕಿದೆ. ಅದು ಚಿತ್ತಿರ ತಿರುನಾಳ್ ಬಾಲರಾಮವರ್ಮನ ಕಾಲದ್ದು. ಮೇಲೆ ಸಂಸ್ಥಾನದ ಲಾಂಛನವಾದ ಶಂಖವಿದೆ, ಕೊಲ್ಲಂ ವರ್ಷ 1112 ಎಂದಿದೆ. ಅಂದರೆ ಕ್ರಿ.ಶ. 1936-37.

ಈ ನಾಣ್ಯದ ಹಿಂದೆ ಸೊಗಸಾದ ಲೆಕ್ಕಾಚಾರದ ಪರಂಪರೆಯೊಂದಿದೆ. ತಿರುವಿದಾಂಕೂರಿನಲ್ಲಿ 16 ಕಾಶಿಗೆ ಒಂದು ಚಕ್ರಂ, 4 ಚಕ್ರಕ್ಕೆ ಒಂದು ಪಣ, 7 ಪಣಕ್ಕೆ ಒಂದು ರೂಪಾಯಿ. ಸಂಸ್ಥಾನದ ರೂಪಾಯಿಗೆ 28 ಚಕ್ರಂ ಆದರೆ ಬ್ರಿಟಿಷ್ ರೂಪಾಯಿಗೆ 28 ಚಕ್ರಂ, 8 ಕಾಶು. ಬೆಳ್ಳಿಯ ಚಕ್ರಂ ಅರ್ಧ ಗ್ರಾಮಿಗೂ ಕಡಿಮೆ ತೂಗುವ ಚಿಕ್ಕ ಕಾಳು. ಬೆರಳಿನಲ್ಲಿ ಹಿಡಿದರೆ ಜಾರಿ ಹೋಗುವಂಥದ್ದು. ಅದನ್ನು ಎಣಿಸಲು ಸಾಲುಸಾಲಾಗಿ ಸಣ್ಣ ಕುಳಿ ಕೊರೆದ ಮರದ ಹಲಗೆಯಿತ್ತು. ಹಿಡಿ ಚಕ್ರ ಸುರಿದು ಹಲಗೆಯನ್ನು ಅಲುಗಿಸಿದರೆ ಕುಳಿಗೊಂದರಂತೆ ಕೂರುತ್ತಿತ್ತು, ಉಳಿದದ್ದನ್ನು ಅಂಗೈಯಲ್ಲಿ ಸವರಿ ತೆಗೆದರೆ ಎಣಿಕೆ ಮುಗಿದಂತೆ. ತಿರುವನಂತಪುರದ ಬಳಿಯ ನೆಡುಮಂಗಾಡಿನ ಕೋಯಿಕ್ಕಲ್ ಅರಮನೆಯಲ್ಲಿ 1992ರಿಂದ ನಾಣ್ಯಗಳ ವಸ್ತುಸಂಗ್ರಹಾಲಯವೊಂದಿದೆ. ಕೊಚ್ಚಿಯಿಂದ ಅತ್ತ ಹೋಗುವ ಕನ್ನಡಿಗರು ಅದನ್ನು ನೋಡದೆ ಬರಬಾರದು.

ಈಗ ಆ ಅರ್ಧ ರೂಪಾಯಿಗೆ ಬರೋಣ. ಅದು ನಾಣ್ಯದ ಸ್ಥಿತಿ ನೋಡಿ ಅಂಕ ಕೊಡುವ ಅಮೆರಿಕದ ಗ್ರೇಡಿಂಗ್ ಸಂಸ್ಥೆಯೊಂದಕ್ಕೆ ಹೋಗಿ, ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ‘ಎಂಎಸ್ 64’ ಎಂಬ ಚೀಟಿ ಹೊತ್ತು ಬಂದಿದೆ ಎಂದಿಟ್ಟುಕೊಳ್ಳೋಣ. ಕವಚಕ್ಕೆ ಸಂಗ್ರಾಹಕರು ಹೇಳುವುದು ಸ್ಲ್ಯಾಬ್, ‘ಎಂಎಸ್’ ಎಂದರೆ ಚಲಾವಣೆಯಲ್ಲಿ ಸವೆಯದ ನಾಣ್ಯ. ಮನೆಯ ಮಗ ದೀಪದ ಕೆಳಗೆ ಅದನ್ನು ತಿರುಗಿಸಿ ನೋಡುತ್ತಾನೆ. ಇದು 65 ಆಗಬೇಕಿತ್ತಲ್ಲ ಎನಿಸುತ್ತದೆ. ಸ್ಲ್ಯಾಬ್ ಒಡೆದು ಮತ್ತೆ ಕಳಿಸಿದರೆ ಹೇಗೆ?

ಈ ಆಸೆಗೆ ಆಧಾರವಿಲ್ಲವೆಂದಲ್ಲ. ನಾಣ್ಯಗಳಿಗೆ 1ರಿಂದ 70ರವರೆಗೆ ಅಂಕ ಕೊಡುವ ಪದ್ಧತಿಯನ್ನು ರೂಪಿಸಿದವರು ವಿಲಿಯಂ ಶೆಲ್ಡನ್. 1949ರಲ್ಲಿ ಅಮೆರಿಕದ ಹಳೆಯ ತಾಮ್ರದ ಸೆಂಟುಗಳ ಮೇಲೆ ಪುಸ್ತಕ ಬರೆದಾಗ ಅವರು ಅಂಕವನ್ನು ಬೆಲೆಗೇ ಕಟ್ಟಿದ್ದರು: ಅಂಕ 1ರ ನಾಣ್ಯಕ್ಕಿಂತ 70ರ ನಾಣ್ಯಕ್ಕೆ ಎಪ್ಪತ್ತು ಪಟ್ಟು ಬೆಲೆ. ಮಾರುಕಟ್ಟೆ ಆ ಸೂತ್ರವನ್ನು ಬೇಗನೆ ಮುರಿಯಿತು, ಅಂಕಗಳು ಮಾತ್ರ ಉಳಿದುಕೊಂಡವು. 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಎಂಬ ಗ್ರೇಡಿಂಗ್ ಸಂಸ್ಥೆಗಳು ಕೆಲಸ ಆರಂಭಿಸಿದ ಮೇಲೆ ಅಂಕ ಕೊಡುವುದು ದೊಡ್ಡ ಉದ್ಯಮವಾಯಿತು. ಇಂದು 64 ಮತ್ತು 65ರ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸ ಕೂದಲೆಳೆಯಷ್ಟಿದ್ದರೂ ಬೆಲೆ ಕೆಲವೊಮ್ಮೆ ದುಪ್ಪಟ್ಟಾಗುತ್ತದೆ. ಅಂಕ ಕೊಡುವವರು ಮನುಷ್ಯರೇ. ಉಬ್ಬುಚಿತ್ರದ ಅಚ್ಚು ಎಷ್ಟು ಗಟ್ಟಿಯಾಗಿ ಬಿದ್ದಿದೆ, ಇತರ ನಾಣ್ಯಗಳಿಗೆ ತಾಗಿ ಎಷ್ಟು ಗೀರು ಬಿದ್ದಿದೆ, ಹೊಳಪು ಎಷ್ಟು ಉಳಿದಿದೆ ಎಂದು ನೋಡಿ ನಿರ್ಧರಿಸುತ್ತಾರೆ. ಗಡಿಯಲ್ಲಿರುವ ನಾಣ್ಯಕ್ಕೆ ಒಂದು ದಿನ 64, ಮತ್ತೊಂದು ದಿನ 65 ಬರುವುದು ಉಂಟು. ಈ ಜೂಜು ಹುಟ್ಟಿರುವುದೇ ಇಲ್ಲಿಂದ.

ಮರಳಿ ಕಳಿಸಲು ಮುಖ್ಯವಾಗಿ ಮೂರು ದಾರಿಗಳಿವೆ. ಸ್ಲ್ಯಾಬಿನಲ್ಲಿ ಇದ್ದಂತೆಯೇ ಅದೇ ಸಂಸ್ಥೆಗೆ ಮರುಪರಿಶೀಲನೆಗೆ ಕಳಿಸುವುದು ಮೊದಲನೆಯದು. ಅಂಕ ಏರಿದರಷ್ಟೇ ಕವಚ ಬದಲಾಗುವುದರಿಂದ ಇಲ್ಲಿ ಶುಲ್ಕ ಬಿಟ್ಟರೆ ಕಳೆದುಕೊಳ್ಳುವುದು ಹೆಚ್ಚೇನಿಲ್ಲ. ಇಂತಿಷ್ಟು ಅಂಕಕ್ಕಿಂತ ಕಡಿಮೆಯಾದರೆ ತೆರೆಯಬೇಡಿ ಎಂಬ ಷರತ್ತಿನ ಮೇಲೆ ಇನ್ನೊಂದು ಸಂಸ್ಥೆಗೆ ಕಳಿಸುವುದು ಎರಡನೆಯದು. ಇದಕ್ಕೆ ಕ್ರಾಸ್‌ಓವರ್ ಎನ್ನುತ್ತಾರೆ. ಮೂರನೆಯದು ಸ್ಲ್ಯಾಬನ್ನೇ ಒಡೆದು ಬರಿಯ ನಾಣ್ಯವನ್ನು ಹೊಸದೆಂಬಂತೆ ಕಳಿಸುವುದು. ಹಳೆಯ ಅಂಕದ ರಕ್ಷಣೆ ಆ ಕ್ಷಣಕ್ಕೆ ಮುಗಿಯುತ್ತದೆ. ಅಂಕ ಏರಬಹುದು, ಇಳಿಯಬಹುದು, ಅಥವಾ ಉಜ್ಜಿದ ಗುರುತು ಕಂಡಿತೆಂದು ಅಂಕವೇ ಇಲ್ಲದೆ ‘ಡೀಟೇಲ್ಸ್’ ಎಂಬ ಚೀಟಿ ಬರಬಹುದು. ಒಡೆಯುವಾಗ ಇಕ್ಕಳ ಜಾರಿ ನಾಣ್ಯಕ್ಕೆ ತಾಗುವ ಅಪಾಯ ಬೇರೆ.

ಈಗ ಗಾದೆಯ ಗೆರೆ ಎಳೆಯೋಣ. ಮುಂದಿನ ಅಂಕಿಗಳು ಕೇವಲ ಲೆಕ್ಕಕ್ಕಾಗಿ ಇಟ್ಟುಕೊಂಡವು. 64ರ ಸ್ಲ್ಯಾಬಿಗೆ 20,000 ರೂಪಾಯಿ ಬೆಲೆ, 65 ಬಂದರೆ 35,000. ಶುಲ್ಕ, ಸಾಗಣೆ, ವಿಮೆ ಸೇರಿ ಖರ್ಚು 5,000. ಇಂಥ ಹತ್ತು ನಾಣ್ಯ ಒಡೆದು ಕಳಿಸಿದರೆ ಎರಡಕ್ಕೆ ಅಂಕ ಏರುತ್ತದೆ, ಆರು ಇದ್ದಲ್ಲೇ ಇರುತ್ತವೆ, ಒಂದು ಇಳಿದು 14,000ಕ್ಕೆ ಬರುತ್ತದೆ, ಇನ್ನೊಂದು ‘ಡೀಟೇಲ್ಸ್’ ಆಗಿ 8,000ಕ್ಕೆ ಕುಸಿಯುತ್ತದೆ. ಏರಿದ ಎರಡರಿಂದ ಬಂದ ಲಾಭ 30,000. ಇಳಿದವುಗಳ ನಷ್ಟ 6,000 ಮತ್ತು 12,000. ಹತ್ತರ ಖರ್ಚು 50,000. ಕೂಡಿ ಕಳೆದರೆ 38,000 ರೂಪಾಯಿ ನಷ್ಟ, ಅಂದರೆ ನಾಣ್ಯವೊಂದಕ್ಕೆ 3,800. ಅದೇ 65ರ ಬೆಲೆ 80,000 ಆಗಿದ್ದರೆ ಹತ್ತರಿಂದ 52,000 ಲಾಭ. ಎರಡೂ ಸರಿಸಮವಾಗುವುದು 65ರ ಬೆಲೆ 54,000 ಆದಾಗ. ಈ ಲೆಕ್ಕದಲ್ಲಿ 54,000ಕ್ಕಿಂತ ಮೇಲೆ ಆಸೆಗೆ ಅರ್ಥವಿದೆ, ಅದಕ್ಕಿಂತ ಕೆಳಗೆ ಅದು ಅತಿ. ಸ್ಲ್ಯಾಬ್ ಒಡೆಯದೆ ಮರುಪರಿಶೀಲನೆಗೆ ಕಳಿಸಿದರೆ ಇಳಿಯುವ ಭಯವಿಲ್ಲದ ಕಾರಣ, ಅದೇ ಖರ್ಚಿಗೆ ಗೆರೆ 45,000ಕ್ಕೆ ಬರುತ್ತದೆ.

ಇಷ್ಟರಲ್ಲಿ ಅತ್ಯಂತ ಅಪಾಯದ ಅಂಕಿ ಬೆಲೆಯದಲ್ಲ, ‘ಹತ್ತರಲ್ಲಿ ಎರಡು’ ಎಂಬುದು. ಬೆಲೆಯನ್ನು ಹರಾಜಿನ ದಾಖಲೆಗಳಲ್ಲಿ ಹುಡುಕಬಹುದು. ಸಾಧ್ಯತೆಯನ್ನು ಮಾತ್ರ ನಾಣ್ಯದ ಒಡೆಯನೇ ತನ್ನ ಮನಸ್ಸಿನಿಂದ ತುಂಬುತ್ತಾನೆ. ತನ್ನದೆಂಬ ಮಮತೆ ಗೀರನ್ನು ಮರೆಸುತ್ತದೆ. ಇದಕ್ಕೆ ಮದ್ದಿದೆ. ಅದೇ ವರ್ಷದ, ಅದೇ ಅಂಕದ ನಾಲ್ಕಾರು ಸ್ಲ್ಯಾಬ್‌ಗಳ ಪಕ್ಕದಲ್ಲಿ ಇದನ್ನಿಟ್ಟು ನೋಡಬೇಕು. ಚೀಟಿ ಮುಚ್ಚಿ, ಯಾರದ್ದೆಂದು ಹೇಳದೆ, ಅನುಭವಿ ಸಂಗ್ರಾಹಕರಿಗೆ ತೋರಿಸಿ ಅಂಕ ಕೇಳಬೇಕು. ಅವರೂ 65 ಎಂದರೆ ಮಾತು ಬೇರೆ. ತಾನೊಬ್ಬನೇ 65 ಎನ್ನುತ್ತಿದ್ದರೆ ಲೆಕ್ಕದ ಎರಡನ್ನು ಒಂದು ಮಾಡಿಕೊಳ್ಳುವುದು ಒಳ್ಳೆಯದು.

ಗಾದೆಯ ಉತ್ತರಾರ್ಧ ತೆರೆದುಕೊಳ್ಳುವುದು ಇಲ್ಲಿ. ಮೇಲಿನ ಲೆಕ್ಕ ಹತ್ತು ನಾಣ್ಯದ್ದು. ವರ್ಷಕ್ಕೆ ನೂರಾರು ನಾಣ್ಯ ಕಳಿಸುವ ವ್ಯಾಪಾರಿಗೆ ಒಂದು ಕುಸಿದರೂ ಇನ್ನೊಂದು ಎತ್ತಿ ಹಿಡಿಯುತ್ತದೆ, ಸರಾಸರಿ ಅವನ ಕಡೆಗಿರುತ್ತದೆ. ಎಡಪ್ಪಳ್ಳಿಯ ಮನೆಯಲ್ಲಿರುವುದು ಒಂದೇ ನಾಣ್ಯ, ಆಟವೂ ಒಂದೇ ಸಲ. ಅದು ‘ಡೀಟೇಲ್ಸ್’ ಆಗಿ ಬಂದರೆ ನಷ್ಟ ತುಂಬಿಕೊಡಲು ಉಳಿದ ಒಂಬತ್ತು ಎಲ್ಲಿವೆ? ವ್ಯಾಪಾರಿಯ ಕೈಯಲ್ಲಿ ಹದವಾದ ಆಸೆಯೇ ಒಂಟಿ ನಾಣ್ಯದ ಮನೆಗೆ ಅತಿಯಾಗುತ್ತದೆ. ಬಿದ್ದರೆ ಹಿಡಿಯುವ ಗತಿ ಎಷ್ಟಿದೆ ಎಂಬುದರ ಮೇಲೆ ಆಸೆಯ ಅಳತೆ ನಿಲ್ಲುತ್ತದೆ.

ಕೆಲವು ನಾಣ್ಯಗಳ ವಿಷಯದಲ್ಲಿ ಈ ಲೆಕ್ಕವೇ ಬೇಡ. ಆರನೆಯ ಜಾರ್ಜನ ಚಿತ್ರವಿರುವ, ಮುಂಬಯಿ ಟಂಕಸಾಲೆಯ 1939ರ ಬೆಳ್ಳಿ ರೂಪಾಯಿ ಬ್ರಿಟಿಷ್ ಇಂಡಿಯಾದ ಅತ್ಯಂತ ವಿರಳ ರೂಪಾಯಿಗಳಲ್ಲೊಂದು. ಮರುವರ್ಷವೇ, 1940ರಲ್ಲಿ, ರೂಪಾಯಿಯ ಬೆಳ್ಳಿಯನ್ನು ಶೇಕಡಾ 91.7ರಿಂದ 50ಕ್ಕೆ ಇಳಿಸಲಾಯಿತು. 1938ರ ನಾಣ್ಯದ ಇಸವಿ ತಿದ್ದಿ 1939 ಎಂದು ಮಾರುವ ಮೋಸವೂ ಇದೆ. ಇಂಥ ನಾಣ್ಯಕ್ಕೆ ಅಂಕಕ್ಕಿಂತ ಅಸಲಿ ಎಂಬ ಪ್ರಮಾಣವೇ ದೊಡ್ಡದು. ಅಸಲಿ ಎಂದು ಸಾರುವ ಕವಚವನ್ನು ಒಂದು ಅಂಕದ ಆಸೆಗೆ ಒಡೆಯಬಾರದು.

ಕಾನೂನು ಕೂಡ ಒಂದು ಗೆರೆ ಎಳೆದಿದೆ. ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ, 1972ರ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಕಳಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ ಮತ್ತು ದಂಡ. ಹತ್ತೊಂಬತ್ತನೆಯ ಶತಮಾನದ ಚಕ್ರಂ, ಟಿಪ್ಪು ಕಲ್ಲಿಕೋಟೆಯಲ್ಲಿ ಅಚ್ಚು ಹಾಕಿಸಿದ ಪಣ, ಮೈಸೂರಿನ ಕಂಠೀರಾಯ ಪಣ ಇವುಗಳನ್ನು ಗ್ರೇಡಿಂಗ್‌ಗೆಂದು ಅಮೆರಿಕಕ್ಕೆ ಕಳಿಸುವ ಮಾತೇ ಇಲ್ಲ. ಕೊಲ್ಲಂ 1112ರ ಅರ್ಧ ರೂಪಾಯಿಗೂ 2036-37ರಲ್ಲಿ ನೂರು ತುಂಬುತ್ತದೆ. ಆಮೇಲೆ ಅದೂ ಈ ಗೆರೆಯೊಳಗೆ ಬರುತ್ತದೆ.

ಇನ್ನು, ಬೆಲೆ ಹೆಚ್ಚಿಸುವ ಆಸೆಯಿಂದ ಅತಿ ಹೆಚ್ಚು ನಾಣ್ಯಗಳು ಹಾಳಾಗುವುದು ಗ್ರೇಡಿಂಗ್ ಮೇಜಿನ ಮೇಲಲ್ಲ, ಅಡುಗೆಮನೆಯ ತೊಟ್ಟಿಯಲ್ಲಿ. ಕೇರಳದಲ್ಲಿ ವಿಷುವಿಗೆ ಕಣಿಯ ಉರುಳಿಯಲ್ಲಿ ನಾಣ್ಯ ಇಡುತ್ತಾರೆ, ಕನ್ನಡಿಗರ ಮನೆಯಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಗೆ ಬೆಳ್ಳಿ ನಾಣ್ಯ ಹೊರಬರುತ್ತದೆ. ಪೂಜೆಗೆ ಮುಂಚೆ ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕುವುದು ವಾಡಿಕೆ. ಅಚ್ಚು ಬಿದ್ದಾಗ ಲೋಹದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಮೂಡಿರುತ್ತವೆ. ನಾಣ್ಯವನ್ನು ದೀಪದ ಕೆಳಗೆ ಓರೆಯಾಗಿಸಿ ತಿರುಗಿಸಿದಾಗ ಬೆಳಕಿನ ಪಟ್ಟಿಯೊಂದು ಸುತ್ತುವುದು ಆ ಗೆರೆಗಳಿಂದಲೇ. ಒಮ್ಮೆ ತಿಕ್ಕಿದರೆ ಆ ಪಟ್ಟಿ ಹೋಗುತ್ತದೆ, ಭೂತಗನ್ನಡಿಯಲ್ಲಿ ಒಂದೇ ದಿಕ್ಕಿಗೆ ಹರಿದ ಗೀರುಗಳು ಕಾಣುತ್ತವೆ. ಯಾವ ಶುಲ್ಕ ಕೊಟ್ಟರೂ ಅದನ್ನು ಮರಳಿ ತರಲಾಗದು. ಬೆಳ್ಳಿಯ ಮೇಲಿನ ಕಪ್ಪು ಮಸುಕು ಗಾಳಿಯ ಗಂಧಕದಿಂದ ಆದದ್ದು. ಅದು ಕೊಳೆಯಲ್ಲ, ಮುಟ್ಟದೆ ಉಳಿದ ನಾಣ್ಯದ ಸಾಕ್ಷಿ.

ಇದೇ ಆಸೆಯನ್ನು ಬಳಸಿಕೊಳ್ಳುವವರೂ ಇದ್ದಾರೆ. ಹಳೆಯ ನಾಣ್ಯ, ನೋಟುಗಳನ್ನು ಭಾರೀ ಬೆಲೆಗೆ ಕೊಳ್ಳುತ್ತೇವೆಂದು ತನ್ನ ಹೆಸರಿನಲ್ಲಿ ಶುಲ್ಕ, ತೆರಿಗೆ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತ್ತು.

ಹಾಗಾದರೆ ಎಡಪ್ಪಳ್ಳಿಯ ಆ ಮನೆಯವರು ಏನು ಮಾಡಬೇಕು? 65ರ ಬೆಲೆ ಲೆಕ್ಕದ ಗೆರೆ ದಾಟಿದ್ದು, ಬೇರೆಯವರ ಕಣ್ಣಿಗೂ ನಾಣ್ಯ 65 ಅನಿಸಿದರೆ ಸ್ಲ್ಯಾಬ್ ಒಡೆಯದೆ ಮರುಪರಿಶೀಲನೆಗೆ ಕಳಿಸಲಿ. ಅಂಕ ಏರದಿದ್ದರೆ ಶುಲ್ಕ ಹೋಯಿತೆಂದು ಅಲ್ಲಿಗೇ ಬಿಡಲಿ. ಒಡೆದು ಕಳಿಸುವ ದಾರಿ ಅವರಿಗಲ್ಲ. ಮನೆಯಲ್ಲಿ ಹಳೆಯ ನಾಣ್ಯ ಇಟ್ಟುಕೊಂಡಿರುವ ಓದುಗರು ಈ ಸಲದ ಹಬ್ಬಕ್ಕೆ ಅದನ್ನು ತೊಳೆಯದೆ ಪೂಜೆಗಿಡಿ. ಅಂಚು ಹಿಡಿದೇ ಎತ್ತಿ, ಅಗ್ಗದ ಪಿವಿಸಿ ಚೀಲದಿಂದ ತೆಗೆದು ಒಣಗಿದ ಜಾಗದಲ್ಲಿಡಿ. ಯಾರಿಂದ, ಯಾವಾಗ ಮನೆಗೆ ಬಂತೆಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ.